ಹಳೆಯ ಲಾರಿಯ ಚಾಸಿ ಮತ್ತು ಬದಲಿ ಎಂಜಿನ್

ಓಡುವ ಸ್ಥಿತಿಯಲ್ಲಿರುವ ಹಳೆಯ ಲಾರಿ, ಟ್ರಕ್ಕು ಅಥವಾ ಜೀಪಿನಿಂದ ಮೂಲ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಕಳಚಿ, ಬೇರೆ ಮಾದರಿಯ ಎಂಜಿನ್-ಗೇರ್ ಬಾಕ್ಸ್ ಜೋಡಿಯನ್ನು ಕೂರಿಸುವ ಕೆಲಸ ಮೋಟಾರು ವಾಹನದಷ್ಟೇ ಹಳೆಯದು. ಹೊರಗಿನಿಂದ ನೋಡಿದವರಿಗೆ ಇದು ಎಂಜಿನ್ ಕೆಲಸ. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರಿಗೆ ಗೊತ್ತು, ಇದು ಮುಖ್ಯವಾಗಿ ಚಾಸಿಯ ಕೆಲಸ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ತಪ್ಪು ಜಾಗದಲ್ಲಿ ಕೊಯ್ದ, ತಪ್ಪು ಜಾಗದಲ್ಲಿ ವೆಲ್ಡ್ ಮಾಡಿದ ಚಾಸಿ ಮಾತ್ರ ಲೋಡು ಹೊತ್ತು ಓಡುತ್ತಿರುವಾಗಲೇ ಸೀಳುತ್ತದೆ.

ಭಾರತದಲ್ಲಿ ಈ ಕೆಲಸ ಹವ್ಯಾಸವಾಗಿ ಹುಟ್ಟಲಿಲ್ಲ, ಹೊಟ್ಟೆಪಾಡಿನಿಂದ ಬೆಳೆಯಿತು. ಜನರಲ್ ಮೋಟರ್ಸ್ 1928ರಲ್ಲಿ ಮುಂಬೈಯಲ್ಲಿ ಷೆವರ್ಲೆ ಗಾಡಿಗಳ ಜೋಡಣೆ ಆರಂಭಿಸಿತು. ಫೋರ್ಡ್ ಕೂಡ ಅಲ್ಲಿ ನೆಲೆಯೂರಿತ್ತು. ಸರ್ಕಾರದ ನೀತಿ ಬಿಡಿಭಾಗ ತಂದು ಜೋಡಿಸುವವರಿಗಿಂತ ಇಲ್ಲೇ ತಯಾರಿಸುವವರ ಕಡೆ ವಾಲಿದಾಗ, 1954ರ ಹೊತ್ತಿಗೆ ಎರಡೂ ಬಾಗಿಲು ಹಾಕಿದವು. ಅವು ಬಿಟ್ಟುಹೋದ ಲಾರಿಗಳು, ಎರಡನೆಯ ಮಹಾಯುದ್ಧದ ನಂತರ ಸೇನೆ ಡಿಸ್ಪೋಸಲ್ಲಿಗೆ ಹಾಕಿದ ಷೆವರ್ಲೆ, ಫೋರ್ಡ್, ಡಾಜ್ ಗಾಡಿಗಳು ಖಾಸಗಿ ಸಾಗಣೆದಾರರ ಕೈಸೇರಿದವು. ಬಹುತೇಕ ಎಲ್ಲವೂ ಪೆಟ್ರೋಲ್ ಗಾಡಿಗಳು. ಚಾಸಿ ಗಟ್ಟಿ, ಎಂಜಿನ್ನಿನ ಹೊಟ್ಟೆ ದೊಡ್ಡದು.

ಆಗ ನೆರವಿಗೆ ಬಂದದ್ದು ಇಂಗ್ಲೆಂಡಿನ ಪೀಟರ್‌ಬರೋದ ಪರ್ಕಿನ್ಸ್ ಕಂಪನಿಯ ಪಿ6 ಡೀಸೆಲ್ ಎಂಜಿನ್. ಫ್ರಾಂಕ್ ಪರ್ಕಿನ್ಸ್ 1932ರಲ್ಲಿ ಕಟ್ಟಿದ ಈ ಸಂಸ್ಥೆ 1937ರಲ್ಲಿ ಹೊರತಂದ ಪಿ6, ಆರು ಸಿಲಿಂಡರಿನ ಸುಮಾರು 4.7 ಲೀಟರ್ ಸಾಮರ್ಥ್ಯದ ಎಂಜಿನ್. ಪೆಟ್ರೋಲ್ ಲಾರಿಯ ಬಾನೆಟ್ಟಿನ ಕೆಳಗೆ ಹಿಡಿಸುವಷ್ಟು ಅಡಕವಾಗಿತ್ತು, ಎಂಜಿನ್ ಬದಲಾವಣೆಗೆಂದೇ ಜಗತ್ತಿನ ಹಲವೆಡೆ ಮಾರಾಟವಾಯಿತು. 1950ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲೇ ತಯಾರಿಸತೊಡಗಿತು. ಮುಂಬೈಯ ಪ್ರೀಮಿಯರ್ ಕಂಪನಿಯ ಡಾಜ್ ಮತ್ತು ಫಾರ್ಗೋ ಲಾರಿಗಳೂ ಪರ್ಕಿನ್ಸ್ ಡೀಸೆಲ್ಲಿಗೆ ತಿರುಗಿದವು.

ಪೆಟ್ರೋಲಿನಿಂದ ಡೀಸೆಲ್ಲಿಗೆ ದಾಟುವಾಗ ಎಂಜಿನ್ನಿನ ಜೊತೆ ಗಾಡಿಯ ಅರ್ಧ ಸಂಸಾರವೇ ಬದಲಾಗಬೇಕು. ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ತಾನಾಗಿ ನಿರ್ವಾತ ಹುಟ್ಟುತ್ತದೆ, ಬ್ರೇಕಿನ ಬೂಸ್ಟರ್ ಅದನ್ನೇ ನೆಚ್ಚಿರುತ್ತದೆ. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಗಾಳಿಯ ದಾರಿಗೆ ತಡೆ ಇಲ್ಲ, ಹಾಗಾಗಿ ನಿರ್ವಾತವೂ ಇಲ್ಲ. ಪ್ರತ್ಯೇಕ ವ್ಯಾಕ್ಯೂಮ್ ಪಂಪು ಕೂರಿಸದಿದ್ದರೆ ಡ್ರೈವರ್ ಎಷ್ಟೇ ಬಲವಾಗಿ ತುಳಿದರೂ ಬ್ರೇಕು ಸಾಕಾಗದು. ಹಳೆಯ ಅಮೆರಿಕನ್ ಗಾಡಿಗಳ 6 ವೋಲ್ಟಿನ ವೈರಿಂಗ್ ಹೆಚ್ಚು ಕಂಪ್ರೆಶನ್ನಿನ ಡೀಸೆಲ್ಲನ್ನು ತಿರುಗಿಸಲಾರದು. 12 ಅಥವಾ 24 ವೋಲ್ಟಿನ ಸ್ಟಾರ್ಟರ್, ದೊಡ್ಡ ಬ್ಯಾಟರಿ, ದಪ್ಪ ಕೇಬಲ್ ಬೇಕು. ಇವೆಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಹ್ಯಾಂಡ್ ಬ್ರೇಕು. ಅನೇಕ ಹಳೆಯ ಲಾರಿ-ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರದಲ್ಲಿರದೆ ಗೇರ್ ಬಾಕ್ಸಿನ ಅಥವಾ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ. ಗೇರ್ ಬಾಕ್ಸ್ ಹೋದರೆ ಅದೂ ಹೋಯಿತು. ಹೊಸ ಜೋಡಣೆಯಲ್ಲಿ ಅದಕ್ಕೊಂದು ಬದಲಿ ಹುಡುಕದ ಗಾಡಿ ಇಳಿಜಾರಿನಲ್ಲಿ ನಿಲ್ಲಿಸಲು ಲಾಯಕ್ಕಲ್ಲ.

ಟಾಟಾ ಸಂಸ್ಥೆ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು 1954ರಲ್ಲಿ ಜಮ್‌ಶೆಡ್‌ಪುರದಿಂದ ಡೀಸೆಲ್ ಲಾರಿ ಹೊರತಂದ ಮೇಲೆ ಪೆಟ್ರೋಲ್ ಲಾರಿಗಳ ಕಾಲ ಮುಗಿಯುತ್ತ ಬಂತು. ಒಪ್ಪಂದ 1969ರಲ್ಲಿ ಕೊನೆಗೊಂಡರೂ ಆ ಬಾನೆಟ್ಟಿನ ರೂಪ ದಶಕಗಟ್ಟಲೆ ರಸ್ತೆಯ ಮೇಲಿತ್ತು. ಇತ್ತ ಅಶೋಕ್ ಲೇಲ್ಯಾಂಡಿನ ಕಾಮೆಟ್, ಹಿಂದೂಸ್ತಾನ್ ಮೋಟರ್ಸಿನ ಬೆಡ್‌ಫರ್ಡ್ ಬಂದವು. ಟಾಟಾ ಮತ್ತು ಕಮಿನ್ಸ್ ಕೂಡಿ 1993ರಲ್ಲಿ ಕಟ್ಟಿದ ಸಂಸ್ಥೆಯಿಂದ 5.9 ಲೀಟರಿನ 6ಬಿಟಿ ಎಂಜಿನ್ ಬಂತು. ಅದಕ್ಕೂ ಹಿಂದಿನ ಟಾಟಾ 697 ಎಂಜಿನ್ ಸುಮಾರು 5.7 ಲೀಟರಿನದು. ಲೆಕ್ಕದಲ್ಲಿ ಎರಡೂ ಹತ್ತಿರ. ಹಾಗೆಂದು ಒಂದರ ಜಾಗದಲ್ಲಿ ಇನ್ನೊಂದು ಕುಳಿತುಬಿಡುತ್ತದೆ ಎಂದು ನಂಬಿ ಹೊರಟರೆ ಮೌಂಟಿಂಗ್, ಸಂಪಿನ ಆಕಾರ, ರೇಡಿಯೇಟರ್, ಕ್ಲಚ್ಚಿನ ಜೋಡಣೆ ಒಂದೊಂದಾಗಿ ತಕರಾರು ತೆಗೆಯುತ್ತವೆ.

ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಈ ವಿಷಯಕ್ಕೆ ಬೇರೆಯೇ ತೂಕವಿದೆ. ಬಾಗಲಕೋಟೆ–ಕುಡಚಿ ರೈಲುಮಾರ್ಗ ದೀರ್ಘ ಕಾಲದಿಂದ ನಿರ್ಮಾಣದಲ್ಲಿದ್ದು, ಈ ಊರುಗಳು ಬೆಳೆದದ್ದೇ ರಸ್ತೆಯನ್ನು ನೆಚ್ಚಿ. ಬನಹಟ್ಟಿಯ ಮಗ್ಗದ ಸೀರೆ, ಜಮಖಂಡಿಯ ಬೆಲ್ಲ, ಮುಧೋಳ ತಾಲ್ಲೂಕಿನ ಸುಣ್ಣದಕಲ್ಲು ಮತ್ತು ಸಿಮೆಂಟು ಎಲ್ಲವೂ ಟೈರಿನ ಮೇಲೆಯೇ ಊರು ದಾಟಬೇಕು. ಹುಬ್ಬಳ್ಳಿ–ವಿಜಯಪುರ–ಸೊಲ್ಲಾಪುರ ಹೆದ್ದಾರಿ ಬೀಳಗಿ ತಾಲ್ಲೂಕನ್ನು ಹಾದು ಕೊರ್ತಿ-ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟುತ್ತದೆ.

ಎಲ್ಲಕ್ಕೂ ಮಿಗಿಲಾಗಿ ಕಬ್ಬು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದ ಮೇಲೆ, ಮುಂದೆ ಹಿಪ್ಪರಗಿಯ ನೀರೂ ಸೇರಿ, ಒಣಬೇಸಾಯದ ಎಷ್ಟೋ ಹೊಲಗಳು ಕಬ್ಬಿನ ಗದ್ದೆಗಳಾದವು. ಸಮೀರವಾಡಿಯ ಗೋದಾವರಿ, ಮುಧೋಳದ ನಿರಾಣಿ, ಸಿದ್ದಾಪುರದ ಪ್ರಭುಲಿಂಗೇಶ್ವರ, ಜಮಖಂಡಿ ಶುಗರ್ಸ್ ಹೀಗೆ ಕಾರ್ಖಾನೆಗಳು ಒಂದರ ಪಕ್ಕ ಒಂದು ನಿಂತಿವೆ. ಅಕ್ಟೋಬರ್-ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಕೆಲವು ತಿಂಗಳು ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳೂ ಲಾರಿಗಳೂ ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟುತ್ತವೆ. ಕಡಿದ ಕಬ್ಬು ನಿಂತಷ್ಟೂ ತೂಕ ಮತ್ತು ಸಕ್ಕರೆಯ ಅಂಶ ಕಳೆದುಕೊಳ್ಳುತ್ತದೆ. ಹಂಗಾಮಿನ ನಡುವೆ ಎಂಜಿನ್ ಕೈಕೊಟ್ಟ ಲಾರಿಯ ಮಾಲೀಕನಿಗೆ ಹೊಸ ಗಾಡಿ ಕೊಳ್ಳುವ ಪುರಸೊತ್ತೂ ಇರದು, ಹಣವೂ ಇರದು. ಗುಜರಿಯಿಂದ ತಂದ ಎಂಜಿನ್ ಕೂರಿಸುವ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲೇ. ಅವಸರದಲ್ಲಿ ಚಾಸಿಗೆ ಗ್ಯಾಸ್ ಕಟರ್ ಹಿಡಿಯುವ ಅಪಾಯವೂ ಆಗಲೇ ಹೆಚ್ಚು.

ಈ ನೆಲದ ಗುಣವೂ ಲೆಕ್ಕಕ್ಕೆ ಬರಬೇಕು. ಎರೆಭೂಮಿಯ ಹೊಲದಿಂದ ಹಸಿ ಕಬ್ಬಿನ ಲೋಡು ಹೊರಗೆಳೆಯುವಾಗ ವೇಗದ ಕೆಲಸವಿಲ್ಲ, ಕಡಿಮೆ ಸುತ್ತಿನಲ್ಲಿ ಹೆಚ್ಚು ಎಳೆತ ಬೇಕು. ಒಂದು ಕಡೆಯ ಚಕ್ರ ಕಾಲುವೆಯ ಏರಿಯ ಮೇಲೆ, ಇನ್ನೊಂದು ತಗ್ಗಿನಲ್ಲಿ ಇರುವಾಗ ಚಾಸಿ ಹಿಂಡಿದ ಬಟ್ಟೆಯ ಹಾಗೆ ತಿರುಚುತ್ತದೆ. ಹೆದ್ದಾರಿಯಲ್ಲಿ ಓಡುವ ಗಾಡಿಯ ಚಾಸಿಗೆ ಇಷ್ಟು ತಿರುಚಾಟದ ಕಾಟವಿಲ್ಲ.

ಈ ತಿರುಚುವಿಕೆ ದೋಷವಲ್ಲ, ಲಾರಿಯ ಚಾಸಿಯನ್ನು ರೂಪಿಸಿರುವುದೇ ಹಾಗೆ. ಏಣಿಯಂತೆ ಎರಡು ಉದ್ದನೆಯ ಚಾನಲ್, ಅಡ್ಡಕ್ಕೆ ಕ್ರಾಸ್ ಮೆಂಬರುಗಳು. ಚಾನಲ್ಲಿನ ನಿಂತ ಮುಖ ಭಾರವನ್ನು ಹೊರುತ್ತದೆ, ಮೇಲಿನ ಮತ್ತು ಕೆಳಗಿನ ಅಂಚುಪಟ್ಟಿಗಳು ಬಾಗುವುದನ್ನು ತಡೆಯುತ್ತವೆ. ಎರಡು ಆಕ್ಸಲ್ಲುಗಳ ನಡುವೆ ಲೋಡು ಕುಳಿತಾಗ ಕೆಳ ಅಂಚು ಎಳೆತಕ್ಕೆ ಸಿಗುತ್ತದೆ, ಮೇಲಂಚು ಒತ್ತಡಕ್ಕೆ. ಹಿಂದಿನ ಆಕ್ಸಲ್ಲಿನ ಆಚೆ ಚಾಚಿದ ಬಾಲದಲ್ಲಿ ಇದು ತಿರುವುಮುರುವು. ಉಕ್ಕು ಬಿರಿಯುವುದು ಎಳೆತ ಇರುವ ಕಡೆಯಿಂದ. ಹಾಗಾಗಿ ಅಂಚುಪಟ್ಟಿಯಲ್ಲಿ ಕೊರೆದ ತೂತು, ಅದರ ಮೇಲೆ ಅಡ್ಡಲಾಗಿ ಎಳೆದ ವೆಲ್ಡಿಂಗ್ ಗೆರೆ, ಕಟರಿನಿಂದ ಬಿದ್ದ ಚೂಪು ಮೂಲೆ ಇವೇ ಮುಂದೆ ಬಿರುಕಿನ ಮೊದಲ ಮನೆಗಳಾಗುತ್ತವೆ. ತೂತು ಬೇಕೇ ಬೇಕಾದರೆ ನಿಂತ ಮುಖದಲ್ಲಿ, ಅಂಚಿನಿಂದ ದೂರದಲ್ಲಿ, ಡ್ರಿಲ್ಲಿನಿಂದ ಕೊರೆಯಬೇಕು. ಗ್ಯಾಸಿನಿಂದ ಸುಟ್ಟು ತೂತು ಮಾಡುವುದು ಚಾಸಿಗೆ ಮಾಡುವ ದ್ರೋಹವೇ ಸರಿ.

ಕಂಪನಿಯವರು ಕ್ರಾಸ್ ಮೆಂಬರನ್ನು ಹೆಚ್ಚಾಗಿ ರಿವಿಟ್ಟಿನಿಂದ ಏಕೆ ಕಟ್ಟಿದರು ಎಂಬುದಕ್ಕೆ ಉತ್ತರವೂ ಇಲ್ಲಿದೆ. ಬಡಿದ ರಿವಿಟ್ಟು ಹಿಗ್ಗಿ ತೂತನ್ನು ಪೂರ್ತಿ ತುಂಬುತ್ತದೆ, ಸುತ್ತಲಿನ ಉಕ್ಕನ್ನು ವೆಲ್ಡಿಂಗಿನಂತೆ ಸುಡುವುದಿಲ್ಲ. ಹೊಸ ಗೇರ್ ಬಾಕ್ಸಿಗೆ ಜಾಗ ಮಾಡಲು ಒಂದು ಕ್ರಾಸ್ ಮೆಂಬರನ್ನು ಸರಿಸಬೇಕಾದಾಗ ಹಳೆಯ ರಿವಿಟ್ಟಿನ ತಲೆ ಕಡಿದು, ತೂತನ್ನು ರೀಮರಿನಿಂದ ನುಣುಪು ಮಾಡಿ, ಸಡಿಲವಿಲ್ಲದೆ ಕೂರುವ ಹೆಚ್ಚು ಬಲದ ಬೋಲ್ಟು ಹಾಕುವುದು ಸರಿಯಾದ ದಾರಿ. ಪೇಟೆಯಲ್ಲಿ 8.8 ಅಥವಾ 10.9 ಎಂದು ತಲೆಯ ಮೇಲೆ ಗುರುತಿರುವ ಬೋಲ್ಟುಗಳು ಸಿಗುತ್ತವೆ. ಕಿತ್ತ ಕ್ರಾಸ್ ಮೆಂಬರನ್ನು ಮೂಲೆಗೆ ಎಸೆದು ಸುಮ್ಮನಾಗುವಂತಿಲ್ಲ. ಅದು ಎರಡು ಚಾನಲ್ಲುಗಳನ್ನು ಒಂದೇ ಅಳತೆಯಲ್ಲಿ ಹಿಡಿದಿಟ್ಟಿತ್ತು. ಅದಕ್ಕೆ ಸಮನಾದ ಇನ್ನೊಂದು ಹತ್ತಿರದಲ್ಲೇ ಕೂತ ಮೇಲಷ್ಟೇ ಜ್ಯಾಕು ಇಳಿಸಬೇಕು.

ಚಾಸಿಗೆ ಬಲ ತುಂಬಲು ಒಳಗೆ ಅಥವಾ ಹೊರಗೆ ಪಟ್ಟಿ ಸೇರಿಸುವ ಪದ್ಧತಿ ಎಲ್ಲೆಡೆ ಇದೆ. ದಪ್ಪ ಪಟ್ಟಿ ಹಾಕಿದಷ್ಟೂ ಗಟ್ಟಿ ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಒಂದು ತುಂಡು ವಿಪರೀತ ಬಿಗಿಯಾದರೆ ತಿರುಚುವಿಕೆಯೆಲ್ಲ ಅದರ ಪಕ್ಕದ ಬರಿಯ ಚಾನಲ್ಲಿಗೆ ತಳ್ಳಿಹೋಗುತ್ತದೆ. ಪಟ್ಟಿ ಎಲ್ಲಿ ಮುಗಿಯಿತೋ ಅಲ್ಲೇ ಸೀಳು ಕಾಣಿಸಿಕೊಳ್ಳುತ್ತದೆ. ಅದಕ್ಕೇ ಬಲವರ್ಧಕ ಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಇಳಿಸುತ್ತಾರೆ, ತುದಿಯ ಅಡ್ಡಗೆರೆಗೆ ವೆಲ್ಡ್ ಹಾಕದೆ ಬಿಡುತ್ತಾರೆ. ಕೆಲವು ಭಾರಿ ಟ್ರಕ್ಕುಗಳ ಚಾನಲ್ಲು ಶಾಖ ಸಂಸ್ಕರಿಸಿದ ಉಕ್ಕಿನದು. ಅಂಥದ್ದಕ್ಕೆ ವೆಲ್ಡಿಂಗ್ ಸಲ್ಲದು ಎಂಬ ಎಚ್ಚರಿಕೆಯನ್ನು ತಯಾರಕರೇ ಅಂಟಿಸಿರುತ್ತಾರೆ. ಆರ್ಕ್ ಹಚ್ಚುವ ಮೊದಲು ಬ್ಯಾಟರಿಯ ತಂತಿ ಬಿಚ್ಚುವುದು ಚಿಕ್ಕ ಕೆಲಸ, ಆದರೆ ಅದನ್ನು ಮರೆತರೆ ಆಲ್ಟರ್ನೇಟರ್ ಸುಟ್ಟುಹೋಗಬಹುದು.

ಎಂಜಿನ್ ಇಳಿಸುವ ಮೊದಲೇ ಚಾಸಿಯ ಅಳತೆಯಾಗಬೇಕು. ಸಮತಟ್ಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಚಾನಲ್ಲಿನ ಗುರುತುಗಳಿಂದ ತೂಗುಗುಂಡು ಬಿಟ್ಟು ನೆಲದಲ್ಲಿ ಸುಣ್ಣದ ಚುಕ್ಕೆ ಹಾಕಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದರೆ ಸಾಕು. ಎರಡು ಕರ್ಣಗಳು ಸಮ ಬರದಿದ್ದರೆ ಚಾಸಿ ಎಂದೋ ಪೆಟ್ಟು ತಿಂದು ವಾಲಿದೆ ಎಂದರ್ಥ. ದುಬಾರಿ ಯಂತ್ರವಿಲ್ಲದ ಊರಿನಲ್ಲೂ ಮಾಡಬಹುದಾದ ಪರೀಕ್ಷೆ ಇದು. ವಾಲಿದ ಚಾಸಿಯಲ್ಲಿ ನೇರವಾಗಿ ಕೂರಿಸಿದ ಎಂಜಿನ್ನೂ ಸೊಟ್ಟಗೇ ಕುಳಿತಂತೆ.

ಆಮೇಲೆ ಜಾಗದ ಜಗಳ. ಮುಂದಿನ ಆಕ್ಸಲ್ ಪಾಟಾಗಳ ಮೇಲೆ ಕುಣಿಯುತ್ತದೆ, ಪೂರ್ತಿ ಲೋಡಿನಲ್ಲಿ ಹಳ್ಳಕ್ಕೆ ಬಿದ್ದಾಗಲೂ ಅದು ಎಂಜಿನ್ನಿನ ಸಂಪಿಗೆ ತಾಗಬಾರದು. ಎಂಜಿನ್ ಮುಂದೆ ಬಂದರೆ ಫ್ಯಾನು ರೇಡಿಯೇಟರಿಗೆ ಬಡಿಯುತ್ತದೆ, ಹಿಂದೆ ಹೋದರೆ ಕ್ಯಾಬಿನ್ನಿನ ಗೋಡೆ ಕೊಯ್ಯಬೇಕು. ಸ್ಟೇರಿಂಗ್ ಬಾಕ್ಸು, ಸೈಲೆನ್ಸರಿನ ಕೊಳವೆ, ಕ್ಲಚ್ಚಿನ ಕಡ್ಡಿ ಎಲ್ಲವೂ ಅದೇ ಅಂಗುಲಗಳಿಗಾಗಿ ಕಾದಾಡುತ್ತವೆ. ಭಾರದ ಎಂಜಿನ್ ಮುಂದಕ್ಕೆ ಸರಿದಷ್ಟೂ ಮುಂದಿನ ಪಾಟಾ, ಆಕ್ಸಲ್, ಬ್ರೇಕುಗಳ ಮೇಲೆ ಹೊರೆ ಹೆಚ್ಚು.

ಮೌಂಟಿಂಗಿನ ಬ್ರಾಕೆಟ್ಟು ಎಂಜಿನ್ನಿನ ತೂಕವನ್ನು ಹೊತ್ತರೆ ಸಾಲದು. ಎಂಜಿನ್ 40 ಕಿಲೋಗ್ರಾಂ-ಮೀಟರಿನ ತಿರುಚುಬಲ ಕೊಡುತ್ತದೆ, ಮೊದಲ ಗೇರಿನ ಅನುಪಾತ 7 ಎಂದಿಟ್ಟುಕೊಂಡರೆ, ಗೇರ್ ಬಾಕ್ಸಿನ ಹಿಂದೆ ಅದು 280 ಆಗುತ್ತದೆ. ಶಾಫ್ಟು ಒಂದು ಕಡೆಗೆ ಅಷ್ಟು ಬಲದಿಂದ ತಿರುಗುವಾಗ ಎಂಜಿನ್-ಗೇರ್ ಬಾಕ್ಸ್ ಎರಡೂ ಕೂಡಿ ಅಷ್ಟೇ ಬಲದಿಂದ ಎದುರು ದಿಕ್ಕಿಗೆ ಹೊರಳಲು ನೋಡುತ್ತವೆ. ಕೆಸರಿನಲ್ಲಿ ಹೂತ ಕಬ್ಬಿನ ಲಾರಿಯ ಕ್ಲಚ್ಚನ್ನು ಡ್ರೈವರ್ ಒಮ್ಮೆಲೇ ಬಿಟ್ಟಾಗ ಈ ಬಲವನ್ನೆಲ್ಲ ತಡೆಯುವುದು ರಬ್ಬರಿನ ಮೌಂಟು ಮತ್ತು ಅದರ ಕೆಳಗಿನ ಬ್ರಾಕೆಟ್ಟು.

ಎಂಜಿನ್ ಒಂದು ಕಂಪನಿಯದು, ಗೇರ್ ಬಾಕ್ಸ್ ಇನ್ನೊಂದರದು ಆದಾಗ ನಡುವೆ ಅಡಾಪ್ಟರ್ ಪ್ಲೇಟು ಬೇಕು. ಇಲ್ಲಿ ಗ್ಯಾರೇಜಿನಿಂದ ಲೇತಿಗೆ ಕೆಲಸ ಹೋಗುತ್ತದೆ. 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು, ಬೆಳಗಾವಿಯ ಫೌಂಡ್ರಿಗಳು ಎರಕಕ್ಕೆ ಹೆಸರಾಗಿವೆ. ಉತ್ತರ ಕರ್ನಾಟಕದ ಯಂತ್ರಕೌಶಲಕ್ಕೆ ಇಂಥ ಹಿನ್ನೆಲೆಯಿದೆ. ಪ್ಲೇಟಿನ ನಡುವಿನ ತೂತು ಕ್ರ್ಯಾಂಕಿನ ನಡುಗೆರೆಗೆ ಸರಿಯಾಗಿ ಬರಬೇಕು. ಡಯಲ್ ಗೇಜು ಹಚ್ಚಿ ಒಂದು ಸುತ್ತು ತಿರುಗಿಸಿದಾಗ ಮುಳ್ಳಿನ ಒಟ್ಟು ಓಡಾಟ ಸುಮಾರು 0.13 ಮಿಲಿಮೀಟರ್ ದಾಟಬಾರದು ಎಂಬುದು ರೂಢಿಯ ಮಿತಿ. ಕಣ್ಣಂದಾಜಿನಲ್ಲಿ ಕೂರಿಸಿದ ಪ್ಲೇಟು ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಕೆಲವು ಸಾವಿರ ಕಿಲೋಮೀಟರಿನೊಳಗೆ ಪೈಲಟ್ ಬೇರಿಂಗು ಕೂಗುತ್ತದೆ, ಕ್ಲಚ್ ಪ್ಲೇಟು ಸವೆಯುತ್ತದೆ, ಗೇರು ತಾನಾಗಿ ಜಾರುತ್ತದೆ. ದೋಷ ಬೇರಿಂಗಿನದೆಂದು ಹೊಸದು ಹಾಕುತ್ತ ಹೋದರೆ ಅದಕ್ಕೆ ಕೊನೆಯೇ ಇಲ್ಲ.

ಗೇರ್ ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿ ಅಥವಾ ಉದ್ದ ಮಾಡಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಅದರ ಎರಡು ತುದಿಯ ಜಾಯಿಂಟ್ ಕ್ರಾಸುಗಳ ಕೋನ ಸಮವಾಗಿರಬೇಕು, ಸಾಧ್ಯವಾದಷ್ಟು ಮೂರು ಡಿಗ್ರಿಯೊಳಗೆ ಇರಬೇಕು. ಪೂರ್ತಿ ಸೊನ್ನೆಯೂ ಒಳ್ಳೆಯದಲ್ಲ, ಒಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗವನ್ನು ತಿನ್ನುತ್ತವೆ.

ಲೆಕ್ಕದಲ್ಲಿ ಕೊನೆಗೆ ಉಳಿಯುವುದು ಹಿಂದಿನ ಕ್ರೌನ್-ಪಿನಿಯನ್. ಒಂದು ಲಾರಿಗೆ 9.00-20 ಟೈರಿದೆ ಎನ್ನೋಣ. ಒಂದು ಸುತ್ತಿಗೆ ಅದು ಸುಮಾರು 3.1 ಮೀಟರ್ ಸಾಗುತ್ತದೆ. ಕ್ರೌನಿನ ಅನುಪಾತ 6.5 ಇದ್ದು, ಪೆಟ್ರೋಲ್ ಎಂಜಿನ್ 3200 ಸುತ್ತಿನಲ್ಲಿದ್ದರೆ ನೇರ ಗೇರಿನಲ್ಲಿ ವೇಗ ಗಂಟೆಗೆ ಸುಮಾರು 92 ಕಿಲೋಮೀಟರ್. ಅದೇ ಹಿಂಭಾಗಕ್ಕೆ 2400 ಸುತ್ತಿಗೆ ಗವರ್ನರ್ ಕಟ್ಟಿಹಾಕುವ ಡೀಸೆಲ್ ಜೋಡಿಸಿದರೆ 69ರ ಸುತ್ತ ನಿಲ್ಲುತ್ತದೆ. ಹೊಲದಿಂದ ಕಾರ್ಖಾನೆಗೆ ಕಬ್ಬು ಹೊರುವ ಗಾಡಿಗೆ ಇದು ಕೊರತೆಯಲ್ಲ, ಅನುಕೂಲವೇ. ಸೊಲ್ಲಾಪುರಕ್ಕೆ ಸೀರೆಯ ಗಂಟು ಒಯ್ಯುವ ಗಾಡಿಗೆ ಅದು ಇಡೀ ದಿನದ ಪ್ರಶ್ನೆ. ಓವರ್‌ಡ್ರೈವ್ ಇರುವ ಗೇರ್ ಬಾಕ್ಸನ್ನು ಹುಡುಕುವುದು ಇದೇ ಕಾರಣಕ್ಕೆ.

ಜೀಪಿನ ಕಥೆ ಇದೇ ದಾರಿಯದ್ದು. ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದ ವಿಲ್ಲೀಸ್ ಮಾದರಿಯ ಜೀಪುಗಳಿಗೆ ಟ್ರ್ಯಾಕ್ಟರ್ ಎಂಜಿನ್ನಿನ ಮೂಲದ ಡೀಸೆಲ್ಲುಗಳನ್ನೂ ಆಮೇಲೆ ಪೂಜೋ ಡೀಸೆಲ್ಲುಗಳನ್ನೂ ಮಹೀಂದ್ರಾ ಕಂಪನಿಯೇ ಕೂರಿಸಿತು. ಕಂಪನಿ ತೋರಿಸಿದ ದಾರಿಯಲ್ಲಿ ಹಳ್ಳಿಯ ಗ್ಯಾರೇಜುಗಳು ನಡೆದವು. ಹಗುರವಾದ ಜೀಪಿನ ಚಾಸಿಗೆ ಟ್ರ್ಯಾಕ್ಟರಿನ ಗುಡುಗು ಸುಲಭದ ಹೊರೆಯಲ್ಲ. ಮೌಂಟಿಂಗಿನ ಸುತ್ತ ಎದ್ದ ಬಿರುಕುಗಳಿಗೆ ವೆಲ್ಡಿಂಗಿನ ತೇಪೆ ಹಾಕಿದ ಹಳೆಯ ಜೀಪು ಊರೂರಲ್ಲಿ ಸಿಗುತ್ತದೆ.

ಅಮೆರಿಕದಲ್ಲಿ ಇದೇ ಕೆಲಸ ಹವ್ಯಾಸವಾಗಿ ದೊಡ್ಡ ಉದ್ಯಮವೇ ಆಗಿದೆ. 1947ರಿಂದ 55ರವರೆಗಿನ ಷೆವರ್ಲೆ ಪಿಕಪ್ಪು, 1953ರಿಂದ 56ರ ಫೋರ್ಡ್ ಎಫ್-100 ಅಲ್ಲಿನ ಅಚ್ಚುಮೆಚ್ಚಿನ ಗಾಡಿಗಳು. 1955ರ ಷೆವರ್ಲೆ ವಿ8, 1997ರಿಂದ ಬಂದ ಅಲ್ಯೂಮಿನಿಯಂ ಎಲ್‌ಎಸ್1 ಮತ್ತು ಅದರ ಕುಟುಂಬದ ಎಂಜಿನ್ನುಗಳನ್ನು ಅವಕ್ಕೆ ಕೂರಿಸಲು ಸಿದ್ಧ ಬ್ರಾಕೆಟ್ಟು, ಸಿದ್ಧ ಕ್ರಾಸ್ ಮೆಂಬರ್ ಅಂಗಡಿಯಲ್ಲೇ ಸಿಗುತ್ತವೆ. ಆ ಹಳೆಯ ಷೆವರ್ಲೆಗಳ ಶಾಫ್ಟು ಒಂದು ಮುಚ್ಚಿದ ಕೊಳವೆಯೊಳಗೆ ಇತ್ತು, ಚಕ್ರದ ತಳ್ಳುಬಲವೂ ಅದರ ಮೂಲಕವೇ ಸಾಗುತ್ತಿತ್ತು. ಆಧುನಿಕ ಗೇರ್ ಬಾಕ್ಸ್ ಬಂದರೆ ಆ ಕೊಳವೆ ಹೋಗಬೇಕು, ಅದರೊಂದಿಗೆ ಹಿಂದಿನ ಆಕ್ಸಲ್ ಕೂಡ. ಮುಂದಿನ ಗಟ್ಟಿ ಆಕ್ಸಲ್ಲನ್ನು ಕಿತ್ತು 1970ರ ದಶಕದ ಮಸ್ಟಾಂಗ್ 2 ಕಾರಿನ ಮಾದರಿಯ ಸಸ್ಪೆನ್ಶನ್ ಹಾಕುವುದೂ ಅಲ್ಲಿ ರೂಢಿ. ಆ ಪಿಕಪ್ಪುಗಳು ಹೊರುವುದು ಬಹುಮಟ್ಟಿಗೆ ಮಾಲೀಕನನ್ನು ಮಾತ್ರ. ಅಲ್ಲಿಯ ಉಪಾಯಗಳನ್ನು ಹತ್ತಾರು ಟನ್ ಹೊರುವ ಲಾರಿಗೆ ಹಾಗೇ ಇಳಿಸುವಂತಿಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅನಿಲ ಅಥವಾ ಬ್ಯಾಟರಿಯಂಥ ಬೇರೆ ಇಂಧನಕ್ಕೆ ಒಪ್ಪಿಗೆ ಪಡೆದ ಕಿಟ್ ಜೋಡಿಸುವುದಕ್ಕೆ ವಿನಾಯಿತಿಯಿದೆ. ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಉಳ್ಳವರು ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ಅನುಮತಿ ಕೊಡಬಹುದು. ಅವರೂ ಹದಿನಾಲ್ಕು ದಿನದೊಳಗೆ ವರದಿ ಮಾಡಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇನ್ನೊಮ್ಮೆ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಜಮಖಂಡಿಯ ಕೆಎ-48 ಕಚೇರಿಯಲ್ಲಿ ನೋಂದಣಿಯಾದ ಲಾರಿಗೂ ಇದೇ ನಿಯಮ. ಎಂಟು ವರ್ಷ ದಾಟಿದ ಸಾರಿಗೆ ವಾಹನ ಪ್ರತಿ ವರ್ಷ ಅರ್ಹತಾ ಪರೀಕ್ಷೆಗೆ ನಿಲ್ಲಬೇಕು, ಅಲ್ಲಿ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆ ದಾಖಲೆಗೆ ತಾಳೆಯಾಗಬೇಕು. ಚಾಸಿ ಸಂಖ್ಯೆ ಒತ್ತಿರುವುದು ಚಾನಲ್ಲಿನ ಉಕ್ಕಿನ ಮೇಲೆಯೇ. ಆ ತುಂಡನ್ನು ಕೊಯ್ದರೆ ಅಥವಾ ಪಟ್ಟಿಯಡಿ ಮುಚ್ಚಿದರೆ ಗಾಡಿಯ ಗುರುತೇ ಅಳಿಸಿದಂತೆ.

ಹಳೆಯದೆಂಬ ಕಾರಣಕ್ಕೆ ಗೌರವ ಪಡೆಯುವ ಗಾಡಿಗಳಿಗೆ ಇನ್ನೂ ಬೇರೆ ಲೆಕ್ಕ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರದ ಫಲಕ ಕೊಡುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಚಾಸಿ, ಬಾಡಿ ಅಥವಾ ಎಂಜಿನ್ನಿಗೆ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಹಾಗಾಗಿ ಕಣದಲ್ಲಿ ಬಿದ್ದಿರುವ ಹಳೆಯ ಜೀಪು ಅಥವಾ ಪಿಕಪ್ಪಿನ ಒಡೆಯ ಮೊದಲೇ ತೀರ್ಮಾನಿಸಬೇಕು. ಕೊಯ್ಯುವ ಕೆಲಸ ಒಮ್ಮೆ ಶುರುವಾದರೆ ಆ ಫಲಕದ ದಾರಿ ಮುಚ್ಚುತ್ತದೆ. ಮೂಲ ಎಂಜಿನ್ ರಿಪೇರಿಗೆ ಸಿಗುವಂತಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಹೆಚ್ಚು ಲಾಭದ್ದು.

ಬ್ಯಾಟರಿಯ ದಾರಿ ಹಿಡಿಯುವವರಿಗೆ ಎಐಎಸ್-123 ಎಂಬ ಮಾನದಂಡವಿದೆ. ಪರೀಕ್ಷೆಯಲ್ಲಿ ಒಪ್ಪಿಗೆಯಾದ ಕಿಟ್ಟನ್ನೇ ಹಾಕಬೇಕು. ಇಲ್ಲಿ ಎಂಜಿನ್ನಿನ ಕಂಪನ ತಪ್ಪುತ್ತದೆ, ಆದರೆ ಚಾಸಿಯ ಚಿಂತೆ ತಪ್ಪುವುದಿಲ್ಲ. ಬ್ಯಾಟರಿಯ ಪೆಟ್ಟಿಗೆಗಳನ್ನು ಚಾನಲ್ಲಿನ ಪಕ್ಕಕ್ಕೆ ತೂಗುಹಾಕಿದರೆ ಆ ಭಾರ ಚಾನಲ್ಲನ್ನು ಹೊರಕ್ಕೆ ಮಗುಚಲು ನೋಡುತ್ತದೆ. ಬ್ರಾಕೆಟ್ಟನ್ನು ಕ್ರಾಸ್ ಮೆಂಬರಿನ ನೇರಕ್ಕೆ ಕೂರಿಸುವುದು ಇದಕ್ಕೆ ಪರಿಹಾರ.

ಕೆಲಸ ಮುಗಿದ ಗಾಡಿಯನ್ನು ಕೂಡಲೇ ಪೂರ್ತಿ ಲೋಡಿಗೆ ಬಿಡುವುದು ಸರಿಯಲ್ಲ. ಮೊದಲು ಖಾಲಿ ಓಡಿಸಿ, ಆಮೇಲೆ ಅರ್ಧ ಲೋಡು ಹಾಕಿ, ಕೆಲವು ನೂರು ಕಿಲೋಮೀಟರಿನ ನಂತರ ಮೌಂಟಿಂಗು, ಕ್ರಾಸ್ ಮೆಂಬರು, ಶಾಫ್ಟಿನ ಎಲ್ಲ ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಬಿಗಿ ಮಾಡಬೇಕು. ಕೊಯ್ದ, ಸೇರಿಸಿದ ಜಾಗಗಳನ್ನು ತೊಳೆದು ಒರೆಸಿ, ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಮೂಡಿದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಉಕ್ಕಿನ ಬಿರುಕು ಮೊದಲು ಹಾಗೇ ಕಾಣುವುದು. ಕಬ್ಬಿನ ಗಾಡಿಗಾದರೆ ಈ ತಪಾಸಣೆ ಹಂಗಾಮಿಗೆ ಮೊದಲು ಒಮ್ಮೆ, ನಡುವೆ ಒಮ್ಮೆ, ಕಾರ್ಖಾನೆ ನಿಂತ ಮೇಲೆ ಮತ್ತೊಮ್ಮೆ ಆಗಬೇಕು.